ಅಜ್ಜಿಯ ಮಾತು, ಬಾಡಿಗೆ ಯಂತ್ರ: ಲಿಬ್‌ಕ್ಲೌಡ್ ಮೂಲಕ ವರ್ಚುವಲ್ ಮಷೀನ್ ನಡೆಸಿದ ಒಂದು ಅನುಭವ

ಆನ್‌ಲೈನ್ ವಿಚಾರಸಂಕಿರಣದಲ್ಲಿ ಮಾಡಿದ ಭಾಷಣದ ಬರಹರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಕೋಡನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ.

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೋತೀನಿ. ಇವತ್ತಿನ ಗೋಷ್ಠಿಯಲ್ಲಿ ಎಲ್ಲರೂ ಹೊರನಾಡ ಕನ್ನಡದ ಬಗ್ಗೆ ಮಾತಾಡಿದ್ದಾರೆ. ನನ್ನ ವಿಷಯವೂ ಅದೇ, ಆದರೆ ಅದರ ಮುಕ್ಕಾಲು ಪಾಲು ಕಂಪ್ಯೂಟರ್ ಕೆಲಸ. ನಾನು ಕನ್ನಡ ಎಂ.ಎ. ವಿದ್ಯಾರ್ಥಿ, ಎಂಜಿನಿಯರ್ ಅಲ್ಲ. ಹಾಗಾಗಿ ಎಂಜಿನಿಯರುಗಳಿಗೆ ಇದು ಬಾಲಪಾಠದಂತೆ ಕಾಣಬಹುದು, ಸಾಹಿತ್ಯದವರಿಗೆ ಯಾಕಪ್ಪಾ ಇದು ಅನ್ನಿಸಬಹುದು. ಇಬ್ಬರೂ ಸ್ವಲ್ಪ ತಾಳ್ಮೆ ಇಟ್ಕೊಳ್ಳಿ.

ನಾವು ತಿರುಪ್ಪೂರು ಜಿಲ್ಲೆಯ ದೇವಾಂಗರು. ಅಜ್ಜಿಯ ತವರು ಕೊಯಮತ್ತೂರು ಜಿಲ್ಲೆಯ ನೆಗಮಮ್ ಕಡೆ, ಪೊಲ್ಲಾಚಿ ಹತ್ತಿರ, ಹತ್ತಿ ಸೀರೆಗೆ ಹೆಸರಾದ ಊರು. ತಮಿಳುನಾಡಿನ ದೇವಾಂಗರಲ್ಲಿ ಕನ್ನಡ ಮಾತಾಡುವವರೂ ಇದ್ದಾರೆ, ತೆಲುಗು ಮಾತಾಡುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಕನ್ನಡ. ಆದರೆ ಆ ಕನ್ನಡಕ್ಕೆ ಲಿಪಿ ಇಲ್ಲ. ಅಂದರೆ ಲಿಪಿ ಇದೆ, ಅದನ್ನು ಓದುವವರು ಮನೆಯಲ್ಲಿಲ್ಲ. ಅಜ್ಜಿ ಓದಿದ್ದು ತಮಿಳಿನಲ್ಲಿ, ಅಪ್ಪನೂ ಹಾಗೇ. ಕನ್ನಡ ಅಕ್ಷರ ಕಲಿತದ್ದು ನಮ್ಮ ಮನೆಯಲ್ಲಿ ನಾನೇ ಮೊದಲು, ಅದೂ ಪಿಯುಸಿ ವಯಸ್ಸು ದಾಟಿದ ಮೇಲೆ. ಕೊಯಮತ್ತೂರು ಅಂದರೆ ಕನ್ನಡಕ್ಕೆ ಏನು ಸಂಬಂಧ ಅಂತ ಬೆಂಗಳೂರಿನ ಗೆಳೆಯರು ಕೇಳ್ತಾರೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಮಲೆ ಮಹದೇಶ್ವರನ ಬೆಟ್ಟ ಕೊಯಮತ್ತೂರು ಕಲೆಕ್ಟರ ವ್ಯಾಪ್ತಿಯಲ್ಲಿತ್ತು ಅಂತ ಹೇಳಿದರೆ ನಂಬಲ್ಲ. ಇರಲಿ.

ಎಂ.ಎ. ಕಿರುಪ್ರಬಂಧಕ್ಕೆ ಅಜ್ಜಿ ಮತ್ತು ಅವರ ವಾರಗೆಯ ನಾಲ್ಕೈದು ಜನರ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮಗ್ಗದ ಕೆಲಸ, ಮದುವೆ ಶಾಸ್ತ್ರ, ಚೌಡೇಶ್ವರಿ ಹಬ್ಬ, ಬೈಗುಳ, ಎಲ್ಲ ಸೇರಿ ಸುಮಾರು 40 ಗಂಟೆ. ಅದನ್ನು ಬರಹಕ್ಕಿಳಿಸಬೇಕು. ಒಂದು ಗಂಟೆಯ ಮಾತನ್ನು ಕೂತು ಬರೆಯೋಕೆ ನನಗೆ ಏಳೆಂಟು ಗಂಟೆ ಹಿಡೀತಿತ್ತು. ಲೆಕ್ಕ ನೀವೇ ಹಾಕಿ.

ಮಾತನ್ನು ಅಕ್ಷರವಾಗಿಸುವ ಮುಕ್ತ ಮಾದರಿಗಳು ಈಗ ಇವೆ. ಐಐಟಿ ಮದ್ರಾಸಿನ ಎಐಫೋರ್‌ಭಾರತ್ ತಂಡ ಭಾರತೀಯ ಭಾಷೆಗಳಿಗೆ ಮಾಡಿದ್ದು ಇದೆ. ಓಪನ್‌ಎಐ ಕಂಪನಿ 2022ರ ಸೆಪ್ಟೆಂಬರಿನಲ್ಲಿ ಎಂಐಟಿ ಲೈಸೆನ್ಸಿನಡಿ ಬಿಟ್ಟ ವಿಸ್ಪರ್ ಇದೆ. ಅದಕ್ಕೆ ಕನ್ನಡವೂ ಬರುತ್ತೆ, ನಮ್ಮ ಮನೆಯ ಕನ್ನಡ ಎಷ್ಟು ಬರುತ್ತೆ ಅನ್ನೋದು ಬೇರೆ ಮಾತು. ನಾನು ವಿಸ್ಪರ್ ಹಿಡಿದೆ. ಅದರ ದೊಡ್ಡ ಮಾದರಿಗೆ ಸುಮಾರು 10 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು. ಗ್ರಾಫಿಕ್ಸ್ ಕಾರ್ಡಿಲ್ಲದೆ ಬರೀ ಪ್ರೊಸೆಸರ್ ಮೇಲೂ ಓಡಿಸಬಹುದು, ನಿಧಾನವಾಗಿ. ನನ್ನ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷದ ರೆಕಾರ್ಡಿಂಗ್ ಹಾಕಿ ಮಲಗಿದರೆ ಬೆಳಗ್ಗೆ ಫ್ಯಾನು ಇನ್ನೂ ಕೂಗ್ತಾ ಇರ್ತಿತ್ತು. ಹೊಸ ಕಂಪ್ಯೂಟರ್ ಕೊಳ್ಳುವ ಮಾತೇ ಇಲ್ಲ. ಉಳಿದ ದಾರಿ, ನಾಲ್ಕಾರು ಗಂಟೆಗೆ ಒಂದು ದೊಡ್ಡ ಯಂತ್ರವನ್ನು ಬಾಡಿಗೆಗೆ ತಗೊಳ್ಳೋದು.

ಈ ಬಾಡಿಗೆಯ ವ್ಯವಹಾರ ಅರ್ಥವಾಗಲು ತಿರುಪ್ಪೂರಿನವರಿಗೆ ಪಾಠವೇ ಬೇಡ. ಅಲ್ಲಿ ಬನಿಯನ್, ಟೀ ಶರ್ಟು ರಫ್ತು ಮಾಡುವವನ ಹತ್ತಿರ ಎಲ್ಲ ಯಂತ್ರವೂ ಇರೋದಿಲ್ಲ. ನೂಲು ಕೊಂಡು ನಿಟ್ಟಿಂಗಿಗೆ ಒಂದು ಯೂನಿಟ್ಟಿಗೆ ಕಳಿಸ್ತಾನೆ, ಬಣ್ಣಕ್ಕೆ ಇನ್ನೊಂದಕ್ಕೆ, ಕಾಂಪ್ಯಾಕ್ಟಿಂಗಿಗೆ ಮತ್ತೊಂದಕ್ಕೆ, ಪ್ರಿಂಟಿಂಗಿಗೆ ಮಗದೊಂದಕ್ಕೆ. ಇದಕ್ಕೆ ಜಾಬ್ ವರ್ಕ್ ಅಂತಲೇ ಹೆಸರು. ಸರಕಿನ ಜೊತೆ ಒಂದು ಚೀಟಿ ಹೋಗುತ್ತೆ: 30ರ ನೂಲು, ಇಷ್ಟು ಜಿಎಸ್ಎಂ, 24 ಗೇಜ್, ಇಷ್ಟು ಡಯಾ. ಯಾವ ಯೂನಿಟ್ಟಿಗೆ ಕೊಟ್ಟರೂ ಆ ಚೀಟಿಯನ್ನು ಅವರು ಓದಬಲ್ಲರು. ನಮ್ಮ ಮಾವ ನಿಟ್ಟಿಂಗ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ಯಂತ್ರ ಯಾರದ್ದಾದರೇನು, ಚೀಟಿ ನಮ್ಮ ಕೈಲಿರಬೇಕು ಅಂತಾರೆ. ನಾನು ಇವತ್ತು ಹೇಳಬೇಕು ಅಂದುಕೊಂಡದ್ದು ಹೆಚ್ಚುಕಡಿಮೆ ಅದನ್ನೇ.

ಕ್ಲೌಡ್ ಅನ್ನೋ ಪದವನ್ನು ಮೋಡ ಅಂತ ಅನುವಾದ ಮಾಡಿ ಏನೂ ಸಿಗಲ್ಲ. ಮುಂಬೈಯಲ್ಲೋ ಚೆನ್ನೈಯಲ್ಲೋ ಬೆಂಗಳೂರಿನಲ್ಲೋ ಒಂದು ಕಟ್ಟಡದಲ್ಲಿ ಸಾವಿರಾರು ಸರ್ವರುಗಳಿರುತ್ತವೆ. ಒಂದೊಂದು ಸರ್ವರನ್ನೂ ತಂತ್ರಾಂಶದ ಮೂಲಕ ಹಲವು ಪಾಲು ಮಾಡಿರುತ್ತಾರೆ. ಪ್ರತಿ ಪಾಲಿಗೂ ತನ್ನದೇ ಪ್ರೊಸೆಸರ್ ಹಂಚಿಕೆ, ಮೆಮೊರಿ, ಡಿಸ್ಕು, ಆಪರೇಟಿಂಗ್ ಸಿಸ್ಟಮ್. ಒಳಗಿರುವವನಿಗೆ ಅದು ಪೂರ್ತಿ ಒಂದು ಕಂಪ್ಯೂಟರ್. ಇದೇ ವರ್ಚುವಲ್ ಮಷೀನ್. ಮಿಥ್ಯಾಯಂತ್ರ ಅಂತ ಕೆಲವರು ಬರೀತಾರೆ. ನನಗೆ ಒಪ್ಪಿಗೆಯಿಲ್ಲ, ಅದರ ಬಿಲ್ಲು ಮಿಥ್ಯೆಯಲ್ಲ.

ಇಂಥ ಯಂತ್ರವನ್ನು ಕಂಪನಿಯ ವೆಬ್‌ಸೈಟಿನಲ್ಲಿ ಗುಂಡಿ ಒತ್ತಿ ತರಿಸಿಕೊಳ್ಳಬಹುದು. ಮೊದಲು ನಾನೂ ಹಾಗೇ ಮಾಡಿದೆ. ಕಷ್ಟ ಏನು ಅಂದರೆ, ಎರಡನೇ ಸಲ ಮಾಡುವಾಗ ಮೊದಲ ಸಲ ಏನೇನು ಒತ್ತಿದೆ ಅನ್ನೋದು ನೆನಪಿರಲ್ಲ. ಯಾವ ಉಬುಂಟು, ಎಷ್ಟು ಮೆಮೊರಿ, ಯಾವ ವಿಸ್ಪರ್ ಆವೃತ್ತಿ? ಇದು ಬರೀ ಅನುಕೂಲದ ಪ್ರಶ್ನೆಯಲ್ಲ, ಸಂಶೋಧನೆಯ ಪ್ರಶ್ನೆ. ಒಂದೇ ಧ್ವನಿಗೆ ಎರಡು ಸಲ ಎರಡು ಥರ ಬರಹ ಬಂದರೆ, ವ್ಯತ್ಯಾಸ ಅಜ್ಜಿಯ ಉಚ್ಚಾರದಿಂದ ಬಂತೋ ಯಂತ್ರದ ಸಿದ್ಧತೆಯಿಂದ ಬಂತೋ ಹೇಳೋಕಾಗಲ್ಲ. ಗ್ರಂಥಸಂಪಾದನೆಯಲ್ಲಿ ಪಾಠಾಂತರ ಕೊಡುವಾಗ ಯಾವ ಪ್ರತಿಯಿಂದ ಅಂತ ಬರೆಯಲ್ವಾ? ಹಾಗೇ.

ಆದ್ದರಿಂದ ಯಂತ್ರ ತರಿಸುವ ಕೆಲಸವನ್ನೂ ಬರೆದಿಡಬೇಕು. ಅಲ್ಲಿಗೆ ಬಂತು ಲಿಬ್‌ಕ್ಲೌಡ್. ಇದು ಪೈಥಾನ್ ಭಾಷೆಯ ಒಂದು ಲೈಬ್ರರಿ. 2009ರಲ್ಲಿ ಕ್ಲೌಡ್‌ಕಿಕ್ ಎಂಬ ಸಣ್ಣ ಕಂಪನಿಯಲ್ಲಿ ಶುರುವಾಗಿ, ಅದೇ ವರ್ಷ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಇನ್‌ಕ್ಯುಬೇಟರಿಗೆ ಸೇರಿ, 2011ರಲ್ಲಿ ಅದರ ಪೂರ್ಣ ಯೋಜನೆಯಾಯಿತು. ತಿರುಪ್ಪೂರು ಜಿಲ್ಲೆಯಾದದ್ದೂ 2009ರಲ್ಲೇ. ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ನೆನಪಿಟ್ಕೊಳ್ಳೋಕೆ ನನಗೆ ಸುಲಭವಾಯಿತು ಅಷ್ಟೆ. ಲೈಸೆನ್ಸು ಅಪಾಚೆ 2.0, ಅಂದರೆ ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಐವತ್ತಕ್ಕೂ ಹೆಚ್ಚು ಕ್ಲೌಡ್ ಕಂಪನಿಗಳ ಜೊತೆ ಮಾತಾಡಬಲ್ಲದು.

ಮಾತಾಡುವುದು ಅಂದೆನಲ್ಲ, ಅದೇ ಅದರ ಕೆಲಸ. ಪ್ರತಿ ಕಂಪನಿಗೂ ತನ್ನದೇ ಎಪಿಐ ಇರುತ್ತೆ, ಅಂದರೆ ಪ್ರೋಗ್ರಾಮಿನ ಮೂಲಕ ಬೇಡಿಕೆ ಸಲ್ಲಿಸುವ ರೀತಿ. ಒಂದೇ ವಸ್ತುವಿಗೆ ಅಮೆಜಾನಿನವರು ಇನ್‌ಸ್ಟನ್ಸ್ ಅಂತಾರೆ, ಡಿಜಿಟಲ್ ಓಷನ್‌ನವರು ಡ್ರಾಪ್ಲೆಟ್ ಅಂತಾರೆ. ಲಿಬ್‌ಕ್ಲೌಡ್ ಎಲ್ಲಕ್ಕೂ ನೋಡ್ ಅನ್ನುತ್ತೆ. ಆಯಾ ಕಂಪನಿಯ ಉಪಭಾಷೆ ಗೊತ್ತಿರುವ ತುಣುಕು ಕೋಡಿಗೆ ಡ್ರೈವರ್ ಅಂತ ಹೆಸರು. ನೀವು ನೋಡ್ ಕೊಡು ಅಂತೀರಿ, ಡ್ರೈವರ್ ಅದನ್ನು ಆ ಕಂಪನಿಯ ಮಾತಿಗೆ ತಿರುಗಿಸುತ್ತೆ.

ಕೆಲಸದ ಕ್ರಮ ಹೀಗೆ. ಮೊದಲು ಗೆಟ್ ಡ್ರೈವರ್ ಅನ್ನುವ ಫಂಕ್ಷನ್ನಿಗೆ ಕಂಪನಿಯ ಹೆಸರು ಕೊಟ್ಟು ಡ್ರೈವರ್ ಪಡೀತೀವಿ. ಅದಕ್ಕೆ ನಮ್ಮ ಖಾತೆಯ ಕೀಲಿ ಕೊಡ್ತೀವಿ. ಈ ಕೀಲಿಯನ್ನು ಕೋಡಿನ ಒಳಗೇ ಬರೆದು ಗಿಟ್‌ಹಬ್ಬಿಗೆ ಹಾಕಬೇಡಿ. ಅಲ್ಲಿ ಕೀಲಿಗಳನ್ನು ಹುಡುಕಿಕೊಂಡೇ ತಿರುಗುವ ಪ್ರೋಗ್ರಾಮುಗಳಿವೆ, ನಿಮ್ಮ ಖಾತೆಯಲ್ಲಿ ಇನ್ಯಾರೋ ಯಂತ್ರ ಓಡಿಸ್ತಾರೆ. ಕೀಲಿ ಕಂಪ್ಯೂಟರಿನ ಪರಿಸರ ಚರಾಂಶದಲ್ಲಿ, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇರಲಿ. ಆಮೇಲೆ ಲಿಸ್ಟ್ ಸೈಜಸ್ ಅಂದರೆ ಯಾವ ಯಾವ ಅಳತೆಯ ಯಂತ್ರ ಸಿಗುತ್ತೆ ಅಂತ ಪಟ್ಟಿ ಬರುತ್ತೆ: ಮೆಮೊರಿ ಎಷ್ಟು, ಡಿಸ್ಕು ಎಷ್ಟು, ಗಂಟೆಗೆ ಬೆಲೆ ಎಷ್ಟು. ಬೆಲೆಯ ಅಂಕಣವನ್ನು ಪೂರ್ತಿ ನಂಬಬೇಡಿ. ಹಲವು ಕಂಪನಿಗಳ ವಿಷಯದಲ್ಲಿ ಅದು ಲೈಬ್ರರಿಯ ಜೊತೆ ಬರುವ ಒಂದು ಬೆಲೆ ಕಡತದಿಂದ ಬರೋದು, ಹಳತಾಗಿರಬಹುದು, ಖಾಲಿಯೂ ಇರಬಹುದು. ಲಿಸ್ಟ್ ಇಮೇಜಸ್ ಅಂದರೆ ಯಾವ ಆಪರೇಟಿಂಗ್ ಸಿಸ್ಟಮ್ ತುಂಬಿಸಿ ಕೊಡ್ತಾರೆ ಅನ್ನೋ ಪಟ್ಟಿ. ಅಮೆಜಾನಿನಲ್ಲಿ ಇದನ್ನು ಸೋಸದೆ ಕೇಳಿದರೆ ಲೆಕ್ಕವಿಲ್ಲದಷ್ಟು ಸಾಲು ಬರುತ್ತೆ, ಚಹಾ ಕುಡಿದು ಬರಬಹುದು. ಬೇಕಾದ ಇಮೇಜಿನ ಗುರುತಿನ ಸಂಖ್ಯೆ ಕೊಟ್ಟೇ ಕೇಳೋದು ಜಾಣತನ.

ಅಳತೆ, ಇಮೇಜು, ಒಂದು ಹೆಸರು, ಈ ಮೂರನ್ನು ಕ್ರಿಯೇಟ್ ನೋಡ್‌ಗೆ ಕೊಟ್ಟರೆ ಯಂತ್ರ ಹುಟ್ಟುತ್ತೆ. ಹುಟ್ಟುತ್ತೆ ಅಷ್ಟೆ, ಒಳಗೆ ಏನೂ ಇರಲ್ಲ. ವಿಸ್ಪರ್ ಅನುಸ್ಥಾಪಿಸಬೇಕು, ಧ್ವನಿ ಕಡತಗಳನ್ನು ಕಳಿಸಬೇಕು. ಅದಕ್ಕೆ ಡಿಪ್ಲಾಯ್ ನೋಡ್ ಅನ್ನುವ ಇನ್ನೊಂದು ಕರೆ ಇದೆ. ಅದು ಯಂತ್ರ ಹುಟ್ಟಿಸಿ, ಅದು ಎದ್ದು ಕೂರುವವರೆಗೆ ಕಾದು, ಐಪಿ ವಿಳಾಸ ಸಿಕ್ಕ ಮೇಲೆ ಎಸ್ಎಸ್ಎಚ್ ಮೂಲಕ ಒಳಹೊಕ್ಕು, ನಾವು ಬರೆದುಕೊಟ್ಟ ಹೆಜ್ಜೆಗಳನ್ನು ವರಸೆಯಾಗಿ ಮಾಡುತ್ತೆ. ನನ್ನ ಹೆಜ್ಜೆಗಳು ಮೂರು: ನನ್ನ ಸಾರ್ವಜನಿಕ ಕೀಲಿಯನ್ನು ಅಲ್ಲಿ ಇಡುವುದು, ಎಫ್ಎಫ್ಎಂಪೆಗ್ ಮತ್ತು ವಿಸ್ಪರ್ ಅನುಸ್ಥಾಪಿಸುವ ಸ್ಕ್ರಿಪ್ಟು ಓಡಿಸುವುದು, ಮಾದರಿಯನ್ನು ಇಳಿಸಿಕೊಳ್ಳುವುದು. ಇವನ್ನು ಮಲ್ಟಿ ಸ್ಟೆಪ್ ಡಿಪ್ಲಾಯ್‌ಮೆಂಟ್ ಅನ್ನುವ ಒಂದು ಕಟ್ಟಾಗಿ ಕಟ್ಟಿ ಕೊಡೋದು. ಎಲ್ಲ ಸೇರಿ ಅರವತ್ತು ಸಾಲಿನ ಒಂದು ಕಡತ. ನನ್ನ ಚೀಟಿ ಅದೇ.

ಇನ್ನು ಎಡವಟ್ಟಿನ ಕಥೆ. ಅದನ್ನು ಹೇಳದೆ ಬಿಟ್ಟರೆ ಈ ಭಾಷಣಕ್ಕೆ ಅರ್ಥವಿಲ್ಲ.

ಮೊದಲ ಸಲ ಓಡಿಸಿದಾಗ ಕೆಂಪು ಅಕ್ಷರದಲ್ಲಿ ದೊಡ್ಡ ದೋಷ ಸಂದೇಶ ಬಂತು, ಡಿಪ್ಲಾಯ್‌ಮೆಂಟ್ ಎರರ್ ಅಂತ. ಎಸ್ಎಸ್ಎಚ್ ಸಂಪರ್ಕ ಸಿಗದೆ ಅವಧಿ ಮುಗಿದಿತ್ತು. ರಾತ್ರಿ ಹನ್ನೊಂದೂವರೆ. ಎರರ್ ಬಂತಲ್ಲ, ಏನೂ ಆಗಿಲ್ಲ ಅಂದ್ಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ. ಮಾರನೇ ದಿನದಿಂದ ಆಂತರಿಕ ಪರೀಕ್ಷೆ, ಈ ಕಡೆ ತಲೆ ಹಾಕಲಿಲ್ಲ. ಹನ್ನೊಂದು ದಿನದ ನಂತರ ಆ ಕಂಪನಿಯಿಂದ ಮೇಲ್ ಬಂತು. ಎಂಟು ಕೋರಿನ, 16 ಜಿಬಿ ಮೆಮೊರಿಯ ಯಂತ್ರವೊಂದು ನನ್ನ ಹೆಸರಿನಲ್ಲಿ ಅಷ್ಟೂ ದಿನ ಖಾಲಿ ಓಡಿತ್ತು. ಮೂರು ಸಾವಿರದ ಚಿಲ್ಲರೆ ರೂಪಾಯಿ. ನನ್ನ ಒಂದು ತಿಂಗಳ ಮೆಸ್ ಬಿಲ್ಲು. ಅಪ್ಪನಿಗೆ ಹೇಳಿದಾಗ ಅವರು ಬೈಯಲಿಲ್ಲ, ‘ಮಗ್ಗ ನಿಲ್ಲಿಸಿದ್ದೀಯಾ ಈಗ?’ ಅಂತ ಮಾತ್ರ ಕೇಳಿದರು.

ತಪ್ಪು ಕಂಪನಿಯದ್ದಲ್ಲ, ಲೈಬ್ರರಿಯದ್ದೂ ಅಲ್ಲ. ದಾಖಲೆಯಲ್ಲಿ ಬರೆದೇ ಇದೆ, ನಾನು ಓದಿರಲಿಲ್ಲ. ಡಿಪ್ಲಾಯ್ ನೋಡ್ ಸೋತಾಗ ಯಂತ್ರ ಅದಾಗಲೇ ಹುಟ್ಟಿರುತ್ತೆ. ಸೋತದ್ದು ಒಳಗೆ ಹೋಗುವ ಕೆಲಸ, ಹುಟ್ಟಿಸುವ ಕೆಲಸವಲ್ಲ. ಅದಕ್ಕೇ ಆ ದೋಷದ ವಸ್ತುವಿನ ಜೊತೆಗೇ ನೋಡ್‌ನ ಗುರುತನ್ನೂ ಅಂಟಿಸಿ ಕಳಿಸಿರುತ್ತಾರೆ, ನೀವೇ ಅದನ್ನು ಕೆಡವಲಿ ಅಂತ. ಈಗ ನನ್ನ ಕಡತದಲ್ಲಿ ಡೆಸ್ಟ್ರಾಯ್ ನೋಡ್ ಅನ್ನುವ ಕರೆ ಎರಡು ಕಡೆ ಇದೆ: ದೋಷ ಹಿಡಿಯುವ ಜಾಗದಲ್ಲಿ ಒಂದು, ಕೆಲಸ ಮುಗಿದರೂ ಕೆಟ್ಟರೂ ಕೊನೆಗೆ ಓಡಲೇಬೇಕಾದ ಫೈನಲಿ ಭಾಗದಲ್ಲಿ ಒಂದು.

ಸ್ಕ್ರಿಪ್ಟಿನ ವಿಷಯದಲ್ಲಿ ಇದರ ಉಲ್ಟಾ ಗೊಂದಲ. ಯಂತ್ರದೊಳಗೆ ಓಡಿದ ಸ್ಕ್ರಿಪ್ಟು ಸೋತರೂ ಲೈಬ್ರರಿ ಸುಮ್ಮನೇ ಇರುತ್ತೆ, ನೋಡ್ ಸಿದ್ಧ ಅಂತ ಕೈಗೆ ಕೊಡುತ್ತೆ. ಒಮ್ಮೆ ಡಿಸ್ಕು ತುಂಬಿ ವಿಸ್ಪರ್ ಅರ್ಧಕ್ಕೆ ನಿಂತಿತ್ತು, ನನಗೆ ಎಲ್ಲ ಸರಿ ಅಂತಲೇ ಕಂಡಿತ್ತು. ಸ್ಕ್ರಿಪ್ಟಿನ ಎಕ್ಸಿಟ್ ಸ್ಟೇಟಸ್ ಸೊನ್ನೆಯೋ ಅಲ್ಲವೋ ಅಂತ ನಾವೇ ನೋಡಬೇಕು. ಸೊನ್ನೆ ಅಂದರೆ ಇಲ್ಲಿ ಪಾಸು.

ನಿಲ್ಲಿಸುವುದೂ ಕೆಡವುವುದೂ ಒಂದೇ ಅಲ್ಲ ಅನ್ನೋದನ್ನೂ ಹೇಳಬೇಕು. ಯಂತ್ರವನ್ನು ಬರೀ ನಿಲ್ಲಿಸಿದರೆ ಕೆಲವು ಕಂಪನಿಗಳು ಡಿಸ್ಕಿನ ಬಾಡಿಗೆ ಮಾತ್ರ ಹಾಕ್ತಾರೆ, ಕೆಲವರು ಪೂರ್ತಿ ಬಾಡಿಗೆಯನ್ನೇ ಹಾಕ್ತಾರೆ. ಕೆಡವಿದ ಮೇಲೂ ಬೇರೆಯಾಗಿ ಜೋಡಿಸಿದ ಡಿಸ್ಕು, ಕಾದಿರಿಸಿದ ಐಪಿ ವಿಳಾಸ, ಸ್ನ್ಯಾಪ್‌ಶಾಟ್ ಇವು ಉಳಿದಿರಬಹುದು. ಇನ್ನೊಂದು: ಲಿಸ್ಟ್ ನೋಡ್ಸ್ ಅಂತ ಕೇಳಿದಾಗ ಪಟ್ಟಿ ಖಾಲಿ ಬಂದರೆ ನಿರಾಳ ಅಂದುಕೊಳ್ಳಬೇಡಿ. ಅಮೆಜಾನಿನಂಥ ಕಡೆ ಡ್ರೈವರ್ ಒಂದು ಪ್ರದೇಶವನ್ನು ಮಾತ್ರ ನೋಡುತ್ತೆ. ಮುಂಬೈ ಪಟ್ಟಿ ಖಾಲಿಯಿದ್ದಾಗ ಹೈದರಾಬಾದಿನಲ್ಲಿ ಯಂತ್ರ ಓಡ್ತಾ ಇರಬಹುದು.

ಕಲಿಯುವವರಿಗೆ ಒಂದು ಒಳ್ಳೆ ಸುದ್ದಿ. ಲಿಬ್‌ಕ್ಲೌಡಿನಲ್ಲಿ ಡಮ್ಮಿ ಅಂತಲೇ ಒಂದು ಡ್ರೈವರ್ ಇದೆ. ಅದು ಯಾವ ಕಂಪನಿಗೂ ಫೋನು ಹಚ್ಚಲ್ಲ, ಎಲ್ಲಾ ನಾಟಕ. ಅಳತೆ ಕೇಳಬಹುದು, ನೋಡ್ ಹುಟ್ಟಿಸಬಹುದು, ಕೆಡವಬಹುದು, ಒಂದು ಪೈಸೆ ಖರ್ಚಿಲ್ಲ. ನಾನು ಮೊದಲು ಅದರ ಮೇಲೆ ಕೈ ಪಳಗಿಸಿದ್ದರೆ ಆ ಮೆಸ್ ಬಿಲ್ಲು ಉಳೀತಿತ್ತು.

ಈಗ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವ ವಿಚಾರ. ಎರಡನೇ ಸುತ್ತಿಗೆ ನನಗೆ ದೊಡ್ಡ ಯಂತ್ರ ಬೇಕಿತ್ತು. ಮೊದಲ ಕಂಪನಿ ಕೊಡಲಿಲ್ಲ, ಹೊಸ ಖಾತೆಗಳಿಗೆ ಮಿತಿ ಇರುತ್ತೆ, ಅದು ಸಹಜ. ಇನ್ನೊಂದು ಕಂಪನಿಯಲ್ಲಿ ಖಾತೆ ತೆರೆದು ಅದೇ ಕಡತವನ್ನು ಓಡಿಸಿದೆ. ಕಂಪನಿಯ ಹೆಸರು, ಕೀಲಿ ಕೊಡುವ ಸಾಲು, ಅಳತೆ, ಇಮೇಜು, ಇಷ್ಟು ಬದಲಾಯಿತು. ಉಳಿದ ಐವತ್ತೈದು ಸಾಲು ಹಾಗೇ ನಡೆಯಿತು. ಮುಕ್ಕಾಲು ಗಂಟೆಯ ಕೆಲಸ.

ಆದರೆ ಚೀಟಿ ಎಲ್ಲ ಕಡೆ ಒಂದೇ ರೀತಿ ಓದಿಸಿಕೊಳ್ಳುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. ಕೀಲಿ ಕೊಡುವಲ್ಲೇ ಮೊದಲ ವ್ಯತ್ಯಾಸ: ಒಬ್ಬರಿಗೆ ಒಂದು ಟೋಕನ್ ಸಾಕು, ಒಬ್ಬರಿಗೆ ಎರಡು ಕೀಲಿ ಮತ್ತು ಪ್ರದೇಶದ ಹೆಸರು, ಗೂಗಲ್ಲಿಗೆ ಸರ್ವಿಸ್ ಖಾತೆಯ ಇಮೇಲ್, ಕೀಲಿ ಕಡತ, ಪ್ರಾಜೆಕ್ಟ್ ಹೆಸರು. ನಿಟ್ಟಿಂಗ್ ಯೂನಿಟ್ಟಿನಲ್ಲಿ 30 ಇಂಚಿನ ಡಯಾ ಇಲ್ಲದಿದ್ದರೆ ಇರುವ ಡಯಾದಲ್ಲೇ ಹೊಂದಿಸಿಕೊಳ್ತಾರಲ್ಲ, ಅಳತೆಗಳೂ ಹಾಗೇ, ಒಬ್ಬರ 16 ಜಿಬಿ ಯಂತ್ರದಲ್ಲಿ ನಾಲ್ಕು ಕೋರು, ಇನ್ನೊಬ್ಬರದ್ದರಲ್ಲಿ ಎಂಟು. ಇಮೇಜುಗಳಂತೂ ಬಣ್ಣದ ಲಾಟಿನ ಥರ. ಅದೇ ರೆಸಿಪಿ ಕೊಟ್ಟರೂ ಬೇರೆ ಡೈಯಿಂಗಿನಲ್ಲಿ ಶೇಡು ಕೊಂಚ ಬೇರೆ ಬರುತ್ತೆ. ಎರಡೂ ಕಡೆ ಉಬುಂಟು ಅಂತ ಬರೆದಿದ್ದರೂ ಒಂದರಲ್ಲಿ ರೂಟ್ ಎಂಬ ಬಳಕೆದಾರ, ಇನ್ನೊಂದರಲ್ಲಿ ಉಬುಂಟು ಎಂಬ ಬಳಕೆದಾರ. ಇಷ್ಟಕ್ಕೇ ನನ್ನ ಸ್ಕ್ರಿಪ್ಟು ಒಮ್ಮೆ ಬಾಗಿಲಲ್ಲೇ ನಿಂತಿತು. ಒಂದು ಕಂಪನಿಗೆ ಮಾತ್ರ ಇರುವ ಸೌಲಭ್ಯಗಳಿಗೆ ಲಿಬ್‌ಕ್ಲೌಡಿನಲ್ಲಿ ಒಂದು ಒಳ್ಳೆ ಪದ್ಧತಿ ಇದೆ: ಅಂಥವುಗಳ ಹೆಸರು ಇ, ಎಕ್ಸ್ ಅಕ್ಷರಗಳಿಂದಲೇ ಶುರುವಾಗುತ್ತೆ. ಆ ಎರಡಕ್ಷರ ಕಂಡ ಕಡೆಯೆಲ್ಲ ನೀವು ಒಂದೇ ಅಂಗಡಿಗೆ ಕಟ್ಟಿಕೊಂಡಿದ್ದೀರಿ ಅಂತ ಅರ್ಥ. ನನ್ನ ಕಡತದಲ್ಲಿ ಅಂಥವು ಎರಡೇ ಇವೆ.

ಅಂಗಡಿ ಬದಲಾಯಿಸುವ ಅಗತ್ಯ ನಿಜವಾಗಲೂ ಬರುತ್ತಾ ಅಂತ ಕೇಳಬಹುದು. 2011ರ ಜನವರಿ ಕೊನೆಯಲ್ಲಿ ಮದ್ರಾಸ್ ಹೈಕೋರ್ಟು ನೊಯ್ಯಲ್ ನದಿಯ ಮಾಲಿನ್ಯದ ಪ್ರಕರಣದಲ್ಲಿ ತಿರುಪ್ಪೂರಿನ ಡೈಯಿಂಗ್ ಯೂನಿಟ್ಟುಗಳನ್ನೆಲ್ಲ ಮುಚ್ಚಿಸಿತು. ನದಿಗೆ ಅದು ಬೇಕಾಗಿತ್ತು, ಆ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಬಟ್ಟೆಗೆ ಬಣ್ಣ ಹಾಕಿಸೋಕೆ ದೂರದೂರುಗಳನ್ನು ಹುಡುಕಿಕೊಂಡು ಹೋದದ್ದನ್ನು ಮಾವ ಇವತ್ತಿಗೂ ಹೇಳ್ತಾರೆ. ಕ್ಲೌಡಿನಲ್ಲೂ ಹೀಗಾಗಿದೆ. ಎಚ್‌ಪಿಯಂಥ ದೊಡ್ಡ ಕಂಪನಿ ತನ್ನ ಹೀಲಿಯನ್ ಪಬ್ಲಿಕ್ ಕ್ಲೌಡನ್ನು 2016ರ ಜನವರಿ 31ಕ್ಕೆ ಮುಚ್ಚುತ್ತೇವೆ ಅಂತ ಮೂರು ತಿಂಗಳ ಮುಂಚೆ ಹೇಳಿ ಮುಚ್ಚಿತು. ಉಪಕರಣಕ್ಕೂ ಈ ಮಾತು ಅನ್ವಯಿಸುತ್ತೆ. ಇದೇ ಬಗೆಯ ಕೆಲಸಕ್ಕೆ ಹೆಚ್ಚು ಜನ ಬಳಸುವ ಟೆರಾಫಾರ್ಮ್ ಅನ್ನುವ ಸಾಧನದ ಲೈಸೆನ್ಸನ್ನು ಅದರ ಕಂಪನಿ 2023ರ ಆಗಸ್ಟಿನಲ್ಲಿ ಬದಲಾಯಿಸಿತು. ಹಳೇ ಮುಕ್ತ ಆವೃತ್ತಿಯನ್ನು ಇಟ್ಟುಕೊಂಡು ಬೇರೆಯವರು ಓಪನ್‌ಟೋಫು ಅಂತ ಕವಲು ತೆಗೆದರು. ಟೆರಾಫಾರ್ಮ್ ನಿಜಕ್ಕೂ ಲಿಬ್‌ಕ್ಲೌಡಿಗಿಂತ ಸಮರ್ಥ, ನೂರು ಯಂತ್ರ ನೋಡಿಕೊಳ್ಳುವವರು ಅದನ್ನೋ ಓಪನ್‌ಟೋಫುವನ್ನೋ ಹಿಡಿಯಲಿ. ನನಗೆ ಬೇಕಿದ್ದದ್ದು ಒಂದು ಯಂತ್ರ, ಆರು ಗಂಟೆ.

ಲೈಬ್ರರಿ ಪರಿಹರಿಸದ ಒಂದು ವಿಷಯ ಉಳೀತು. ಕೆಲಸ ಶುರು ಮಾಡುವ ಮುಂಚೆ ಅಜ್ಜಿಗೆ ಎಲ್ಲ ವಿವರಿಸಿದ್ದೆ. ಅವರು ಕೇಳಿದ್ದು ಒಂದೇ, ನಾನದನ್ನು ನಾಡಿನ ಕನ್ನಡಕ್ಕೆ ತಂದು ಹೇಳ್ತಿದ್ದೀನಿ: ‘ನನ್ನ ಮಾತನ್ನ ಯಾರ ಮನೇಲಿ ಇಟ್ಟಿರ್ತೀಯ?’

ಸಿದ್ಧ ಬರಹಸೇವೆ ಕೊಡುವ ವೆಬ್‌ಸೈಟಿಗೆ ಧ್ವನಿ ಹಾಕದೆ ನಾನೇ ಯಂತ್ರ ಬಾಡಿಗೆಗೆ ಹಿಡಿದದ್ದಕ್ಕೆ ಈ ಪ್ರಶ್ನೆಯೇ ಕಾರಣ. ಅಂಥ ಸೇವೆಗಳಲ್ಲಿ ಧ್ವನಿ ಎಲ್ಲಿ ಎಷ್ಟು ದಿನ ಇರುತ್ತೆ ಅನ್ನೋದು ಅವರ ಷರತ್ತಿನ ಕೈಲಿರುತ್ತೆ. ಇಲ್ಲಿ ಮಾದರಿ ನಾನು ಹಿಡಿದ ಯಂತ್ರದೊಳಗೇ ಓಡುತ್ತೆ. ಬರಹ ನನ್ನ ಲ್ಯಾಪ್‌ಟಾಪಿಗೆ ಬರುತ್ತೆ. ಯಂತ್ರವನ್ನು ಅದರ ಡಿಸ್ಕಿನ ಸಮೇತ ಕೆಡವುತ್ತೇನೆ. ಹಾಗಂತ ಪೂರ್ತಿ ನಮ್ಮ ಮನೆ ಅಂತ ಹೇಳೋಕೆ ಬರಲ್ಲ, ಕಟ್ಟಡ ಕಂಪನಿಯದ್ದೇ. ಎಲ್ಲಿನ ಕಟ್ಟಡ ಅನ್ನೋದನ್ನಾದರೂ ನಾವು ಆರಿಸಬಹುದು. ಲಿಸ್ಟ್ ಲೊಕೇಶನ್ಸ್ ಅಂತ ಕೇಳಿ ಭಾರತದೊಳಗಿನ ಜಾಗವನ್ನೇ ತಗೊಂಡೆ. ಏನನ್ನೂ ಆರಿಸದೆ ಬಿಟ್ಟರೆ ಕೆಲವು ಕಡೆ ಯಂತ್ರ ಅಮೆರಿಕದಲ್ಲಿ ಹುಟ್ಟುತ್ತೆ. ಅಜ್ಜಿ ಎಲ್ಲ ಕೇಳಿ ಒಪ್ಪಿದರು. ಆದರೆ ಜಮೀನಿನ ಜಗಳದ ಬಗ್ಗೆ ಮಾತಾಡಿದ ಹನ್ನೆರಡು ನಿಮಿಷ ಎಲ್ಲಿಗೂ ಹೋಗಬಾರದು ಅಂದರು. ಅದನ್ನು ಕತ್ತರಿಸಿ ತೆಗೆದೆ. ಭಾಷೆಯ ದೃಷ್ಟಿಯಿಂದ ಇಡೀ ರೆಕಾರ್ಡಿಂಗಿನಲ್ಲಿ ಬಲು ಸೊಗಸಾದ ಭಾಗ ಅದೇ ಆಗಿತ್ತು.

ಕಳಿಸುವ ಮುಂಚೆ ಧ್ವನಿಯನ್ನು 16 ಕಿಲೋಹರ್ಟ್ಸ್, ಒಂದೇ ಚಾನೆಲ್ಲಿಗೆ ಇಳಿಸಿಕೊಂಡೆ, ವಿಸ್ಪರ್ ಹೇಗೂ ಒಳಗೆ ಹಾಗೇ ಮಾಡಿಕೊಳ್ಳುತ್ತೆ. ಗಂಟೆಗೆ ಸುಮಾರು 115 ಎಂಬಿ ಆಯಿತು, ಹಾಸ್ಟೆಲ್ ವೈಫೈ ತಡಕೊಂಡಿತು.

ಫಲಿತಾಂಶ? ಮಿಶ್ರ. ವಿಸ್ಪರಿಗೆ ಭಾಷೆ ಯಾವುದು ಅಂತ ಹೇಳದಿದ್ದರೆ ಅದು ಮೊದಲ 30 ಸೆಕೆಂಡು ಕೇಳಿ ತಾನೇ ನಿರ್ಧರಿಸುತ್ತೆ. ಅಜ್ಜಿ ಒಂದು ರೆಕಾರ್ಡಿಂಗಿನ ಶುರುವಿನಲ್ಲಿ ಪಕ್ಕದ ಮನೆಯವರ ಜೊತೆ ತಮಿಳಿನಲ್ಲಿ ಎರಡು ಮಾತಾಡಿದ್ದರು. ಇಡೀ ಮುಕ್ಕಾಲು ಗಂಟೆಯ ಕನ್ನಡ ತಮಿಳು ಲಿಪಿಯಲ್ಲಿ, ತಮಿಳಿನ ಹತ್ತಿರದ ಏನೋ ಆಗಿ ಬಂತು. ಸ್ಕ್ರಿಪ್ಟಿನಲ್ಲಿ ಭಾಷೆ ಕನ್ನಡ ಅಂತ ಒಂದು ಸಾಲು ಸೇರಿಸಿದ ಮೇಲೆ ಅದು ಹೋಯಿತು, ಇನ್ನೊಂದು ಬಂತು. ಯಂತ್ರ ಈಗ ಅಜ್ಜಿಯ ಕನ್ನಡವನ್ನು ಪಠ್ಯಪುಸ್ತಕದ ಕಡೆಗೆ ಎಳೆಯತೊಡಗಿತು. ಅವರು ಒಮ್ಮೆ ಮಗ್ಗ ಅಂತಾರೆ, ಒಮ್ಮೆ ತಮಿಳಿನ ತರಿ ಅಂತಾರೆ. ಮಗ್ಗ ಉಳೀತು, ತರಿ ಇದ್ದ ಕಡೆ ಬೇರೆ ಬೇರೆ ಕನ್ನಡ ಪದಗಳು ಕೂತವು. ನೂಲು ಎರಡೂ ಭಾಷೆಗೆ ಒಂದೇ, ಅದಕ್ಕೆ ತೊಂದರೆ ಆಗಲಿಲ್ಲ. ಕ್ರಿಯಾಪದಗಳ ಕೊನೆಯನ್ನಂತೂ ತಿದ್ದಿಯೇ ಬಿಟ್ಟಿತ್ತು. ನೇಕಾರ ಜೇಡರ ದಾಸಿಮಯ್ಯನ ವಚನಗಳಿಗೆ ಲಿಪಿಕಾರರು ಏನೇನು ಮಾಡಿರಬಹುದು ಅಂತ ತರಗತಿಯಲ್ಲಿ ಚರ್ಚೆ ಮಾಡಿದ್ದು ನೆನಪಾಯಿತು. ಇದೂ ಒಬ್ಬ ಲಿಪಿಕಾರ, ಅಷ್ಟೇ.

ಆದ್ದರಿಂದ ನಾನು ಯಂತ್ರದ ಬರಹವನ್ನು ಕರಡು ಅಂತ ಮಾತ್ರ ಇಟ್ಟುಕೊಂಡು, ಧ್ವನಿ ಕೇಳುತ್ತಾ ಸಾಲುಸಾಲೂ ತಿದ್ದಿದೆ. ಒಂದು ಗಂಟೆಯ ಮಾತಿಗೆ ಏಳೆಂಟು ಗಂಟೆಯ ಬದಲು ಈಗ ಮೂರೂವರೆ ಗಂಟೆ. ತಿದ್ದಿದ ಪ್ರತಿಯ ಜೊತೆ ಯಂತ್ರದ ಮೂಲ ಕರಡು ಮತ್ತು ಅದನ್ನು ಹುಟ್ಟಿಸಿದ ಆ ಅರವತ್ತು ಸಾಲಿನ ಕಡತ, ಎರಡನ್ನೂ ಅನುಬಂಧವಾಗಿ ಕೊಟ್ಟಿದ್ದೇನೆ. ಯಾವ ಮಾದರಿ, ಯಾವ ಆವೃತ್ತಿ, ಯಾವ ಇಮೇಜು, ಎಲ್ಲ ಅದರಲ್ಲಿದೆ. ಮಾರ್ಗದರ್ಶಕರು ಮೊದಲು ಹುಬ್ಬೇರಿಸಿದರು, ಆಮೇಲೆ ಪಾಠಾಂತರದ ಟಿಪ್ಪಣಿ ಇದ್ದ ಹಾಗೆ ಅಂದಾಗ ಒಪ್ಪಿದರು.

ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.

ಪ್ರಶ್ನೆ: ಗೂಗಲ್ ಕೊಲ್ಯಾಬಿನಲ್ಲಿ ಉಚಿತವಾಗಿ ಮಾಡಬಹುದಿತ್ತಲ್ಲ?

ಮಾಡಬಹುದು ಸರ್. ಒಂದು ಗಂಟೆಯ ರೆಕಾರ್ಡಿಂಗಿಗೆ ನಾನೂ ಅದನ್ನೇ ಹೇಳ್ತೀನಿ. ಉಚಿತದಲ್ಲಿ ಯಾವ ಯಂತ್ರ ಸಿಗುತ್ತೆ, ಎಷ್ಟು ಹೊತ್ತು ಇರುತ್ತೆ ಅನ್ನೋ ಖಾತ್ರಿ ಇರಲ್ಲ. 40 ಗಂಟೆಗೆ ನನಗೆ ಆ ಖಾತ್ರಿ ಬೇಕಿತ್ತು. ಮತ್ತೆ ಅಜ್ಜಿ ಕೇಳಿದ ಪ್ರಶ್ನೆಗೆ ಅಲ್ಲಿ ಉತ್ತರ ಕೊಡೋದು ಇನ್ನೂ ಕಷ್ಟ.

ಪ್ರಶ್ನೆ: ಕನ್ನಡ ವಿದ್ಯಾರ್ಥಿಗಳೆಲ್ಲ ಇದನ್ನು ಕಲೀಬೇಕು ಅಂತೀರಾ?

ಇಲ್ಲ ಮೇಡಂ. ವಿಭಾಗಕ್ಕೆ ಒಬ್ಬರು ಕಲಿತರೆ ಸಾಕು. ನಮ್ಮ ತರಗತಿಯಲ್ಲಿ ಕೃಷ್ಣಗಿರಿ ಕಡೆಯ ಗೆಳತಿಯೊಬ್ಬಳು ಜನಪದ ಹಾಡು ಸಂಗ್ರಹಿಸ್ತಿದ್ದಾಳೆ, ಅವಳಿಗೆ ನನ್ನ ಕಡತ ಕೊಟ್ಟೆ. ಅವಳು ಬದಲಾಯಿಸಿದ್ದು ಯಂತ್ರದ ಹೆಸರು, ಕೀಲಿ, ಅಷ್ಟೇ. ಕೆಡವುವ ಸಾಲನ್ನು ಮಾತ್ರ ಅಳಿಸಬೇಡ ಅಂತ ಕಡತದ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಬರೆದುಕೊಟ್ಟಿದ್ದೇನೆ. ಅವಳು ಕೆಲಸ ಮುಗಿಸಿದ ರಾತ್ರಿ ಫೋನು ಮಾಡಿ, ಮೂರು ಪ್ರದೇಶದ ಪಟ್ಟಿಯನ್ನೂ ಒಂದೊಂದಾಗಿ ನೋಡಿದೆ, ಎಲ್ಲಾ ಖಾಲಿ ಇದೆ ಅಂದಳು.